ಕ್ವಾಯ್ ಸೇತುವೆಯ ಮೇಲೆ ಕಾಣದ ಕೂಲಿಗಳು

ಹರಿದ ಬೂಟು, ಚಿಂದಿಯಾದ ಸಮವಸ್ತ್ರ, ಆದರೂ ಹೆಜ್ಜೆ ತಪ್ಪದ ಕವಾಯತು. ಶಿಳ್ಳೆಯಲ್ಲೇ ಬ್ಯಾಂಡಿನ ಧಾಟಿಯೊಂದನ್ನು ನುಡಿಸುತ್ತ ಬ್ರಿಟಿಷ್ ಯುದ್ಧಕೈದಿಗಳ ತುಕಡಿ ಕಾಡಿನ ನಡುವಿನ ಜಪಾನಿ ಶಿಬಿರದೊಳಗೆ ಬರುತ್ತದೆ. 1957ರಲ್ಲಿ ತೆರೆಕಂಡ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಚಿತ್ರದ ಕಥೆಯನ್ನು ಪೂರ್ತಿ ಮರೆತವರಿಗೂ ಈ ದೃಶ್ಯ ಮತ್ತು ಈ ಶಿಳ್ಳೆ ನೆನಪಿನಲ್ಲಿ ಉಳಿದಿರುತ್ತವೆ.

ಡೇವಿಡ್ ಲೀನ್ ನಿರ್ದೇಶಿಸಿದ ಈ ಚಿತ್ರ ಅತ್ಯುತ್ತಮ ಚಿತ್ರ, ನಿರ್ದೇಶನ, ನಾಯಕ ನಟ ಸೇರಿದಂತೆ ಏಳು ಆಸ್ಕರ್ ಪ್ರಶಸ್ತಿಗಳನ್ನು ಗೆದ್ದುಕೊಂಡಿತು. ಯುದ್ಧದ ಹುಚ್ಚುತನವನ್ನು ಬಯಲಿಗೆಳೆದ ಚಿತ್ರಗಳ ಪಟ್ಟಿ ಯಾರೇ ಮಾಡಿದರೂ ಇದರ ಹೆಸರು ಬಿಟ್ಟುಹೋಗುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನ್ ಕಟ್ಟಿಸಿದ ಥಾಯ್ಲೆಂಡ್–ಬರ್ಮಾ ರೈಲುಮಾರ್ಗ ಜಗತ್ತಿಗೆ ಪರಿಚಯವಾದದ್ದು ಹೆಚ್ಚಾಗಿ ಈ ಚಿತ್ರದ ಮೂಲಕವೇ. ಆದ್ದರಿಂದಲೇ ಒಂದು ಪ್ರಶ್ನೆ ಮುಖ್ಯವಾಗುತ್ತದೆ. ಆ ಮಾರ್ಗವನ್ನು ಕಟ್ಟಿದವರೆಂದು ಚಿತ್ರ ಯಾರನ್ನು ತೋರಿಸಿತು, ಯಾರನ್ನು ಬಿಟ್ಟಿತು?

ಇಬ್ಬರು ಕರ್ನಲ್‌ಗಳ ಹಟ

ಚಿತ್ರದ ಕಥೆ 1943ರದು. ಕರ್ನಲ್ ನಿಕಲ್ಸನ್ (ಅಲೆಕ್ ಗಿನ್ನೆಸ್) ತನ್ನ ತುಕಡಿಯೊಡನೆ ಕರ್ನಲ್ ಸೈಟೋನ (ಸೆಸ್ಸೂ ಹಯಕಾವ) ಶಿಬಿರಕ್ಕೆ ಬರುತ್ತಾನೆ. ನಿಗದಿತ ದಿನದೊಳಗೆ ನದಿಗೆ ಸೇತುವೆ ಕಟ್ಟಬೇಕು, ಸೈನಿಕರ ಜೊತೆ ಅಧಿಕಾರಿಗಳೂ ಮೈಬಗ್ಗಿಸಿ ದುಡಿಯಬೇಕು ಎಂಬುದು ಸೈಟೋನ ಅಪ್ಪಣೆ. ಯುದ್ಧಕೈದಿಗಳ ಕುರಿತ ಜಿನೀವಾ ಒಪ್ಪಂದದಂತೆ ಅಧಿಕಾರಿಗಳಿಂದ ಕೂಲಿ ಕೆಲಸ ಮಾಡಿಸುವಂತಿಲ್ಲ ಎಂದು ನಿಕಲ್ಸನ್ ಪುಸ್ತಕ ತೆಗೆದು ತೋರಿಸುತ್ತಾನೆ. ಜಪಾನ್ 1929ರ ಆ ಒಪ್ಪಂದಕ್ಕೆ ಸಹಿ ಹಾಕಿತ್ತೇ ಹೊರತು ಅದನ್ನು ಅನುಮೋದಿಸಿರಲಿಲ್ಲ. ನಿಕಲ್ಸನ್‌ನನ್ನು ಬಿಸಿಲಿನಲ್ಲಿ ಕಾಯುವ ತಗಡಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂಡಿಹಾಕಲಾಗುತ್ತದೆ. ಆತ ಜಗ್ಗುವುದಿಲ್ಲ. ಇತ್ತ ಸೇತುವೆಯ ಕೆಲಸ ಕುಂಟುತ್ತದೆ. ಕೊನೆಗೆ 1905ರಲ್ಲಿ ರಷ್ಯಾವನ್ನು ಸೋಲಿಸಿದ ದಿನದ ನೆನಪಿಗೆ ಕ್ಷಮಾದಾನ ಎಂಬ ನೆಪ ಹೂಡಿ ಸೈಟೋ ಸೋಲೊಪ್ಪಿಕೊಳ್ಳುತ್ತಾನೆ.

ಇಲ್ಲಿಯವರೆಗೆ ಇದು ನೆಟ್ಟಗಿನ ವೀರಗಾಥೆ. ತಿರುವು ಇರುವುದು ಇದರ ನಂತರ. ಗೆದ್ದ ನಿಕಲ್ಸನ್ ತನ್ನ ಸೈನಿಕರಲ್ಲಿ ಶಿಸ್ತು ತುಂಬಲು ಸೇತುವೆಯನ್ನೇ ಸಾಧನ ಮಾಡಿಕೊಳ್ಳುತ್ತಾನೆ. ಸ್ಥಳ ಬದಲಿಸಿ, ಹೊಸ ನಕ್ಷೆ ಬರೆಸಿ, ಜಪಾನಿಗಳು ಕಟ್ಟಬಹುದಾಗಿದ್ದಕ್ಕಿಂತ ಉತ್ತಮವಾದ ಸೇತುವೆಯನ್ನು ಶತ್ರುವಿಗೇ ಕಟ್ಟಿಕೊಡಲು ಹೊರಡುತ್ತಾನೆ. ಕೆಲಸ ಮುಗಿಯದೆಂದು ತೋರಿದಾಗ ಅಧಿಕಾರಿಗಳನ್ನೂ, ಕಾಯಿಲೆ ಬಿದ್ದವರನ್ನೂ ಕರೆತರುತ್ತಾನೆ. ಯಾವ ತತ್ವಕ್ಕಾಗಿ ತಗಡಿನ ಪೆಟ್ಟಿಗೆಯಲ್ಲಿ ಬೆಂದನೋ ಅದನ್ನು ತಾನೇ ಮುರಿಯುತ್ತಾನೆ. ಸೇತುವೆ ಮುಗಿದಾಗ, ಇದನ್ನು ರೂಪಿಸಿ ಕಟ್ಟಿದವರು ಬ್ರಿಟಿಷ್ ಸೈನಿಕರು ಎಂದು ಸಾರುವ ಫಲಕವೊಂದನ್ನು ಹೆಮ್ಮೆಯಿಂದ ಹೊಡೆಸುತ್ತಾನೆ.

ಅದೇ ಸೇತುವೆಯನ್ನು ಉಡಾಯಿಸಲು ಮಿತ್ರಪಡೆಯ ಸಣ್ಣ ತಂಡವೊಂದು ಕಾಡಿನ ದಾರಿಯಲ್ಲಿ ಬರುತ್ತಿರುತ್ತದೆ. ನದಿಯ ನೀರು ಇಳಿದು ಸಿಡಿಮದ್ದಿನ ತಂತಿ ಕಣ್ಣಿಗೆ ಬಿದ್ದಾಗ ಅದನ್ನು ಶತ್ರುವಿಗೆ ತೋರಿಸಿಕೊಡುವವನು ನಿಕಲ್ಸನ್. ತಾನು ಮಾಡಿದ್ದೇನೆಂಬ ಅರಿವು ಮೂಡುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಗಾಯಗೊಂಡು ಆತ ಕುಸಿದು ಬೀಳುವುದು ಸಿಡಿಮದ್ದಿನ ಗುಂಡಿಯ ಮೇಲೆಯೇ. ಬೇಕೆಂದೇ ಬಿದ್ದನೋ, ಅದು ಆಕಸ್ಮಿಕವೋ ಎಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ರೈಲು ಸಮೇತ ಸೇತುವೆ ನದಿಗೆ ಉರುಳುತ್ತದೆ. ಗುಡ್ಡದ ಮೇಲೆ ನಿಂತ ಸೇನಾ ವೈದ್ಯ ಇದೆಲ್ಲ ಹುಚ್ಚು ಎಂದು ಕೂಗುವಲ್ಲಿಗೆ ಕಥೆ ಮುಗಿಯುತ್ತದೆ.

ಕಾದಂಬರಿಯ ಹಿಂದಿನ ಸಿಟ್ಟು

ಚಿತ್ರಕ್ಕೆ ಮೂಲವಾದದ್ದು 1952ರಲ್ಲಿ ಪ್ರಕಟವಾದ ಫ್ರೆಂಚ್ ಕಾದಂಬರಿ. ಬರೆದವರು ಪಿಯರ್ ಬೂಲ್. ಎಂಜಿನಿಯರಿಂಗ್ ಓದಿದ್ದ ಅವರು 1936ರಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮಲಯಕ್ಕೆ ಬಂದು ರಬ್ಬರ್ ತೋಟದಲ್ಲಿ ಕೆಲಸಕ್ಕೆ ಸೇರಿದ್ದರು. ಯುದ್ಧಕಾಲದಲ್ಲಿ ಜರ್ಮನಿಯ ವಿರುದ್ಧ ಹೋರಾಟ ಮುಂದುವರಿಸಿದ ಸ್ವತಂತ್ರ ಫ್ರೆಂಚ್ ಪಡೆಯನ್ನು ಸೇರಿ, ಗುಪ್ತ ಕಾರ್ಯಾಚರಣೆಗೆಂದು ಇಂಡೋಚೀನಾ ಪ್ರವೇಶಿಸಿದರು. ಅಲ್ಲಿ ಅವರನ್ನು ಹಿಡಿದವರು ಜಪಾನಿಗಳಲ್ಲ, ಶತ್ರುವಿನೊಡನೆ ರಾಜಿ ಮಾಡಿಕೊಂಡಿದ್ದ ವಿಶಿ ಸರ್ಕಾರಕ್ಕೆ ನಿಷ್ಠರಾದ ಫ್ರೆಂಚ್ ಅಧಿಕಾರಿಗಳು. ಕಠಿಣ ಶಿಕ್ಷೆಗೆ ಗುರಿಯಾದ ಬೂಲ್ 1944ರಲ್ಲಿ ತಪ್ಪಿಸಿಕೊಂಡರು.

ಕರ್ತವ್ಯ, ಶಿಸ್ತು, ನಿಯಮ ಎನ್ನುತ್ತಲೇ ಶತ್ರುವಿನ ಕೆಲಸ ಮಾಡಿಕೊಡುವ ಅಧಿಕಾರಿ ನಿಕಲ್ಸನ್ ಹುಟ್ಟಿದ್ದು ಈ ಅನುಭವದಿಂದ. ತಾವು ಕಂಡ ಫ್ರೆಂಚ್ ಅಧಿಕಾರಿಗಳೇ ಆ ಪಾತ್ರಕ್ಕೆ ಪ್ರೇರಣೆ ಎಂದು ಬೂಲ್ ಹೇಳಿಕೊಂಡಿದ್ದರು. ಫ್ರೆಂಚ್ ಮನೆಯ ಜಗಳಕ್ಕೆ ಬ್ರಿಟಿಷ್ ಸಮವಸ್ತ್ರ ತೊಡಿಸಿದ ಕಥೆ ಇದು ಎನ್ನಬಹುದು. ಕಾದಂಬರಿಯಲ್ಲಿ ಸೇತುವೆ ಉರುಳುವುದಿಲ್ಲ, ನಿಂತೇ ಉಳಿಯುತ್ತದೆ. ಚಿತ್ರಕ್ಕೆ ದೊಡ್ಡ ಸ್ಫೋಟ ಬೇಕಿತ್ತು. ಅಮೆರಿಕದ ಮಾರುಕಟ್ಟೆಯೂ ಬೇಕಿತ್ತು. ಹಾಗಾಗಿ ಕಾದಂಬರಿಯ ಬ್ರಿಟಿಷ್ ಶಿಯರ್ಸ್ ಚಿತ್ರದಲ್ಲಿ ಅಮೆರಿಕನ್ನನಾದ. ಆ ಪಾತ್ರವನ್ನು ವಿಲಿಯಂ ಹೋಲ್ಡನ್ ವಹಿಸಿದರು. ನಿಯಮಕ್ಕಾಗಿ ಸಾಯಲು ಸಿದ್ಧನಾದ ಬ್ರಿಟಿಷ್ ಅಧಿಕಾರಿ ಮತ್ತು ಬದುಕಿ ಉಳಿದರೆ ಸಾಕೆನ್ನುವ ಅಮೆರಿಕನ್ ಎಂಬ ಎದುರುಬದುರು ಮೂಡಿದ್ದು ಹೀಗೆ.

ಸಾಮ್ರಾಜ್ಯದ ಸಂಜೆ

ಚಿತ್ರ ತಯಾರಾದ ಕಾಲವನ್ನೂ ಗಮನಿಸಬೇಕು. 1947ರಲ್ಲಿ ಭಾರತ, 1948ರಲ್ಲಿ ಬರ್ಮಾ ಮತ್ತು ಸಿಲೋನ್ ಬ್ರಿಟಿಷರ ಕೈಬಿಟ್ಟಿದ್ದವು. 1956ರಲ್ಲಿ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಏರಿಹೋದ ಬ್ರಿಟನ್, ಅಮೆರಿಕದ ಒತ್ತಡಕ್ಕೆ ಮಣಿದು ಹಿಂದೆಗೆಯಬೇಕಾಯಿತು. ಮರುವರ್ಷವೇ ತೆರೆಗೆ ಬಂದ ಚಿತ್ರದಲ್ಲಿ ನಿಕಲ್ಸನ್ ಮುಗಿದ ಸೇತುವೆಯ ಮೇಲೆ ಸಂಜೆಗತ್ತಲಲ್ಲಿ ನಿಂತು ತನ್ನ 28 ವರ್ಷಗಳ ಸೇವೆಯನ್ನು ನೆನೆಯುತ್ತಾನೆ. ಊರಿನಲ್ಲಿ ಇದ್ದದ್ದೇ ಕಡಿಮೆ, ಭಾರತವೆಂದರೆ ತನಗೆ ಪ್ರೀತಿಯಿತ್ತು ಎನ್ನುತ್ತಾನೆ. ತನ್ನ ಬಾಳಿನ ಒಟ್ಟು ಮೊತ್ತವೇನು ಎಂಬ ಅವನ ಪ್ರಶ್ನೆ ಒಬ್ಬ ಅಧಿಕಾರಿಯದು ಮಾತ್ರವಲ್ಲ, ಮುಳುಗುತ್ತಿದ್ದ ಸಾಮ್ರಾಜ್ಯದ್ದೂ ಹೌದು. ನಾವು ಹೋದ ಮೇಲೂ ನಾವು ಕಟ್ಟಿದ ಸೇತುವೆ, ರೈಲು ಉಳಿಯುತ್ತವೆ ಎಂಬ ಸಮಾಧಾನವನ್ನು ಚಿತ್ರ ಮೊದಲು ಮುಂದಿಟ್ಟು, ಕೊನೆಗೆ ಅದನ್ನೇ ಸಿಡಿಸಿಬಿಡುತ್ತದೆ. ಬ್ರಿಟಿಷ್ ಅಧಿಕಾರಿವರ್ಗವನ್ನು ಇಷ್ಟು ಗೌರವದಿಂದ ತೋರಿಸಿ, ಇಷ್ಟೇ ನಿಷ್ಠುರವಾಗಿ ಅಣಕಿಸಿದ ಚಿತ್ರಗಳು ಕಡಿಮೆ. ಚಿತ್ರದ ರಾಜಕೀಯ ಶಕ್ತಿ ಇರುವುದು ಇಲ್ಲಿ.

ಅದರ ಮಿತಿ ಕಾಣುವುದು ಏಷ್ಯಾದ ಜನರ ಚಿತ್ರಣದಲ್ಲಿ. ಮೂಕಿ ಚಿತ್ರಗಳ ಕಾಲದಲ್ಲಿ ಹಾಲಿವುಡ್‌ನ ದೊಡ್ಡ ತಾರೆಯಾಗಿದ್ದ ಹಯಕಾವ ಅವರು ಸೈಟೋನ ಪಾತ್ರಕ್ಕೆ ಘನತೆ ತುಂಬಿದರು. ಯುದ್ಧಕಾಲದ ಪ್ರಚಾರ ಚಿತ್ರಗಳ ರಾಕ್ಷಸ ಜಪಾನಿ ಇಲ್ಲಿಲ್ಲ. ಗುಟ್ಟಾಗಿ ಕಣ್ಣೀರಿಡುವ, ಸೋತರೆ ಪ್ರಾಣ ಬಿಡಬೇಕಾದ ಮನುಷ್ಯನಿದ್ದಾನೆ. ಆದರೆ ಜಪಾನಿ ಎಂಜಿನಿಯರ್‌ಗಳಿಗೆ ಸೇತುವೆ ಕಟ್ಟಲು ಬಾರದು, ಬಿಳಿಯರು ಬಂದು ಕಲಿಸಬೇಕಾಯಿತು ಎಂಬ ಕಥೆಯ ತಳಹದಿಯೇ ಸುಳ್ಳು. ಆ ರೈಲುಮಾರ್ಗದ ಸಮೀಕ್ಷೆ, ನಕ್ಷೆ, ವಿನ್ಯಾಸ ಎಲ್ಲವೂ ಜಪಾನಿ ಎಂಜಿನಿಯರ್‌ಗಳದೇ. ಥಾಯ್ಲೆಂಡಿನ ಜನರಾಗಿ ಚಿತ್ರದಲ್ಲಿ ಕಾಣುವವರು ಮುಖ್ಯವಾಗಿ ದಾರಿ ತೋರುವ ಒಬ್ಬ ಗಂಡಸು ಮತ್ತು ಕಮಾಂಡೋಗಳ ಹೊರೆ ಹೊರುವ ಕೆಲವು ಯುವತಿಯರು. ಸುಂದರವಾಗಿ ಕಾಣುವುದಷ್ಟೇ ಅವರ ಪಾಲಿಗೆ ಬಂದ ಕೆಲಸ. ಸೇತುವೆಯ ಬಗ್ಗೆ, ಯುದ್ಧದ ಬಗ್ಗೆ ಅವರಿಗೇನು ಅನಿಸುತ್ತದೆ ಎಂದು ಕಥೆ ಕೇಳುವುದಿಲ್ಲ.

ನಿಜವಾದ ಸೇತುವೆ ಇದ್ದ ತಮಾರ್ಕಾನ್ ಶಿಬಿರದಲ್ಲಿ ಬ್ರಿಟಿಷ್ ಕೈದಿಗಳ ಹಿರಿಯ ಅಧಿಕಾರಿಯಾಗಿದ್ದವರು ಲೆಫ್ಟಿನೆಂಟ್ ಕರ್ನಲ್ ಫಿಲಿಪ್ ಟೂಸಿ. ಅವರು ನಿಕಲ್ಸನ್‌ನಂತೆ ಶತ್ರುವಿಗೆ ಉತ್ಸಾಹದಿಂದ ಕಟ್ಟಿಕೊಟ್ಟವರಲ್ಲ. ಕೆಲಸವನ್ನು ಆದಷ್ಟು ತಡಮಾಡುತ್ತ ತಮ್ಮವರ ಜೀವ ಉಳಿಸಲು ಹೆಣಗಿದವರು. ಮರದ ತೊಲೆಗಳಿಗೆ ಗೆದ್ದಲು ಬಿಡುವುದು, ಕಾಂಕ್ರೀಟಿನ ಹದ ಕೆಡಿಸುವುದು ಮುಂತಾದ ಕಣ್ಣುತಪ್ಪಿಸಿದ ಪ್ರತಿರೋಧ ಅಲ್ಲಿ ನಡೆದಿತ್ತು. ಅಲ್ಲಿಂದ ಬದುಕಿ ಬಂದ ಅನೇಕ ಮಾಜಿ ಕೈದಿಗಳು ಚಿತ್ರದಿಂದ ನೊಂದುಕೊಂಡದ್ದು ಸಹಜ.

ಪರದೆಯ ಮೇಲೆ ಬಾರದ ಹೆಸರುಗಳು

ಆಸ್ಕರ್‌ನಲ್ಲಿ ಚಿತ್ರಕಥೆಯ ಪ್ರಶಸ್ತಿ ಪಿಯರ್ ಬೂಲ್ ಅವರಿಗೆ ಬಂತು. ವಿಚಿತ್ರವೆಂದರೆ ಅವರು ಆ ಇಂಗ್ಲಿಷ್ ಚಿತ್ರಕಥೆ ಬರೆದೇ ಇರಲಿಲ್ಲ. ಬರೆದವರು ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್.

1947ರಿಂದ ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಹೊರಹಾಕುವ ಬೇಟೆ ನಡೆದಿತ್ತು. ಸಂಸತ್ತಿನ ಸಮಿತಿಯೊಂದು ಸಿನಿಮಾ ಮಂದಿಯನ್ನು ಕರೆಸಿ, ಗೆಳೆಯರ ಹೆಸರು ಹೇಳಿ ಎಂದು ಒತ್ತಾಯಿಸುತ್ತಿತ್ತು. ಒಪ್ಪದವರ ಹೆಸರು ಕಪ್ಪುಪಟ್ಟಿಗೆ ಸೇರಿ, ಯಾವ ಸ್ಟುಡಿಯೋದಲ್ಲೂ ಕೆಲಸ ಸಿಗದಂತಾಗುತ್ತಿತ್ತು. ‘ಹೈ ನೂನ್’ ಬರೆದ ಫೋರ್‌ಮನ್ ಇಂಗ್ಲೆಂಡಿಗೂ, 1951ರ ‘ಎ ಪ್ಲೇಸ್ ಇನ್ ದಿ ಸನ್’ ಚಿತ್ರಕ್ಕೆ ಆಸ್ಕರ್ ಪಡೆದಿದ್ದ ವಿಲ್ಸನ್ ಫ್ರಾನ್ಸಿಗೂ ಹೋಗಿ ನೆಲೆಸಿದ್ದರು. ನಿರ್ಮಾಪಕ ಸ್ಯಾಮ್ ಸ್ಪೀಗೆಲ್ ಅವರ ಬರವಣಿಗೆ ಬಳಸಿಕೊಂಡರು. ಹೆಸರು ಮಾತ್ರ ಪರದೆಯ ಮೇಲೆ ಬರಲಿಲ್ಲ. ಅಧಿಕಾರಕ್ಕೆ ತಲೆಬಾಗುವುದು ಕರ್ತವ್ಯವೇ ಎಂದು ಕೇಳುವ ಚಿತ್ರವನ್ನು ಬರೆದವರು ಅದೇ ಪ್ರಶ್ನೆಗೆ ತಮ್ಮ ಹೆಸರನ್ನೇ ತೆತ್ತಿದ್ದರು.

1984ರಲ್ಲಿ ಅಕಾಡೆಮಿ ಈ ತಪ್ಪು ತಿದ್ದಿ ಇಬ್ಬರಿಗೂ ಪ್ರಶಸ್ತಿ ಸಲ್ಲಬೇಕೆಂದು ಒಪ್ಪಿಕೊಂಡಿತು. ವಿಲ್ಸನ್ 1978ರಲ್ಲೇ ತೀರಿಕೊಂಡಿದ್ದರು. ಫೋರ್‌ಮನ್ ನಿಧನರಾದದ್ದು ಅದೇ 1984ರಲ್ಲಿ. ಮುಂದೆ ಸಿದ್ಧವಾದ ಪ್ರತಿಗಳಲ್ಲಿ ಅವರ ಹೆಸರು ಸೇರಿತು. ಕನ್ನಡಿಗರಿಗೆ ಆ ವರ್ಷದ ಇನ್ನೊಂದು ನೆನಪಿದೆ. ಬೆಂಗಳೂರು ಮತ್ತು ಸಾವನದುರ್ಗದ ಸುತ್ತಮುತ್ತ ಚಿತ್ರೀಕರಣಗೊಂಡ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ತೆರೆಕಂಡದ್ದು ಆಗಲೇ. ಅದರಲ್ಲಿ ಪ್ರೊಫೆಸರ್ ಗೋಡ್‌ಬೋಲೆ ಎಂಬ ಭಾರತೀಯನ ಪಾತ್ರ ವಹಿಸಿದವರು ಅದೇ ಅಲೆಕ್ ಗಿನ್ನೆಸ್.

ಇಬ್ಬರು ಬರಹಗಾರರ ಹೆಸರು ಪರದೆಗೆ ಮರಳಲು ಕಾಲು ಶತಮಾನ ಹಿಡಿಯಿತು. ಅವರ ಬೆನ್ನಿಗಾದರೂ ಸಂಘವಿತ್ತು, ಪತ್ರಿಕೆಗಳಿದ್ದವು, ಹಸ್ತಪ್ರತಿಗಳ ಸಾಕ್ಷ್ಯವಿತ್ತು. ಇವೊಂದೂ ಇಲ್ಲದವರ ಪಾಡು ಬೇರೆ.

415 ಕಿಲೋಮೀಟರ್ ಸಾವು

1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನಿನ ವಶವಾಯಿತು. ಕೆಲವೇ ತಿಂಗಳಲ್ಲಿ ಬರ್ಮಾ ಕೂಡ ಕೈಸೇರಿತು. ಬರ್ಮಾದಲ್ಲಿದ್ದ ಜಪಾನಿ ಸೇನೆಗೆ ಸಾಮಗ್ರಿ ಹೋಗಬೇಕಿದ್ದುದು ಹಡಗಿನಲ್ಲಿ. ಸಮುದ್ರದಲ್ಲಿ ಮಿತ್ರಪಡೆಯ ಜಲಾಂತರ್ಗಾಮಿಗಳ ಕಾಟ. ಆದ್ದರಿಂದ ಥಾಯ್ಲೆಂಡಿನ ಬಾನ್ ಪೋಂಗ್ ಸಮೀಪದಿಂದ ಬರ್ಮಾದ ತಾನ್‌ಬ್ಯುಜಯತ್‌ವರೆಗೆ, ಬೆಟ್ಟ–ಕಾಡುಗಳನ್ನು ಸೀಳಿಕೊಂಡು ಸುಮಾರು 415 ಕಿಲೋಮೀಟರ್ ರೈಲುಮಾರ್ಗ ಹಾಕಲು ಜಪಾನ್ ತೀರ್ಮಾನಿಸಿತು. ಬ್ರಿಟಿಷರು ಹಿಂದೊಮ್ಮೆ ಯೋಚಿಸಿ, ಕಷ್ಟವೆಂದು ಕೈಬಿಟ್ಟಿದ್ದ ಮಾರ್ಗ ಅದು. 1942ರ ಮಧ್ಯದಲ್ಲಿ ಶುರುವಾದ ಕೆಲಸ 1943ರ ಅಕ್ಟೋಬರ್‌ನಲ್ಲಿ ಮುಗಿಯಿತು.

ಈ ಕೆಲಸಕ್ಕೆ ಹಚ್ಚಿದ ಯುದ್ಧಕೈದಿಗಳು 60,000ಕ್ಕೂ ಹೆಚ್ಚು. ಬ್ರಿಟಿಷರು, ಆಸ್ಟ್ರೇಲಿಯನ್ನರು, ಡಚ್ಚರು ಮತ್ತು ಕೆಲವು ನೂರು ಅಮೆರಿಕನ್ನರು ಅವರಲ್ಲಿದ್ದರು. 12,000ಕ್ಕೂ ಹೆಚ್ಚು ಕೈದಿಗಳು ಹಸಿವು, ಹೊಡೆತ, ಮಲೇರಿಯ, ಕಾಲರಾಗಳಿಗೆ ಬಲಿಯಾದರು. ಸಿಂಗಪುರದಲ್ಲಿ ಶರಣಾದ ಸಾವಿರಾರು ಭಾರತೀಯ ಸೈನಿಕರು ಏನಾದರು ಎಂಬ ಪ್ರಶ್ನೆ ಇಲ್ಲಿ ಏಳಬಹುದು. ಜಪಾನಿಗಳು ಅವರನ್ನು ಬ್ರಿಟಿಷರಿಂದ ಬೇರ್ಪಡಿಸಿದ್ದರು. ಅವರಲ್ಲಿ ಬಹಳ ಮಂದಿ ಆಜಾದ್ ಹಿಂದ್ ಫೌಜ್ ಸೇರಿದರು. ಸೇರದವರನ್ನು ಹೆಚ್ಚಾಗಿ ಬೇರೆಡೆಗಳಿಗೆ ಸಾಗಿಸಲಾಯಿತು.

ಆದರೆ ಈ ಮಾರ್ಗದಲ್ಲಿ ಭಾರತ ಮೂಲದವರು ಇರಲಿಲ್ಲವೆಂದಲ್ಲ. ಯುದ್ಧಕೈದಿಗಳಿಗಿಂತ ಕನಿಷ್ಠ ಮೂರು ಪಟ್ಟು ಹೆಚ್ಚು ಏಷ್ಯಾದ ಕೂಲಿಗಳು ಅಲ್ಲಿ ದುಡಿದರು. ಜಪಾನಿ ಭಾಷೆಯಲ್ಲಿ ಅವರಿಗೆ ‘ರೊಮುಶಾ’ ಎಂದು ಹೆಸರು. ಬರ್ಮೀಯರು, ಜಾವಾದವರು, ಮಲಾಯರು, ಚೀನೀಯರು ಮತ್ತು ಮಲಯದ ರಬ್ಬರ್ ತೋಟಗಳ ತಮಿಳರು ಅವರಲ್ಲಿ ಸೇರಿದ್ದರು. ಅವರ ಒಟ್ಟು ಸಂಖ್ಯೆ ಎರಡು ಲಕ್ಷದ ಆಸುಪಾಸು ಎಂದೂ, ಸತ್ತವರು ಸುಮಾರು 90,000 ಎಂದೂ ಅಂದಾಜುಗಳಿವೆ. ಮಲಯದಿಂದ ಹೋದವರೇ 70,000ಕ್ಕೂ ಅಧಿಕ. ಬಹುಪಾಲು ತಮಿಳರು.

ಇವರ ಹಿರಿಯರನ್ನು ಬ್ರಿಟಿಷ್ ತೋಟಗಳಿಗೆ ಕರೆತಂದದ್ದು ಕಂಗಾಣಿಗಳ ಮೂಲಕ. ಜಪಾನಿನ ಆಕ್ರಮಣದಿಂದ ಪಶ್ಚಿಮ ದೇಶಗಳಿಗೆ ರಬ್ಬರ್ ರಫ್ತು ನಿಂತು ತೋಟಗಳು ಪಾಳುಬಿದ್ದಾಗ ಕೂಲಿಯೂ ಇಲ್ಲ, ಅಕ್ಕಿಯೂ ಇಲ್ಲ ಎಂಬಂತಾಯಿತು. ಕೆಲವೇ ತಿಂಗಳ ಕೆಲಸ, ಒಳ್ಳೆಯ ಸಂಬಳ, ಊಟ ಎಂಬ ಮಾತು ನಂಬಿ ಹೆಂಡತಿ ಮಕ್ಕಳೊಡನೆ ಹೊರಟವರೂ ಇದ್ದರು. ಮಾತು ಸಾಲದ ಕಡೆ ಬಲವಂತ ನಡೆಯಿತು. ಪುಕ್ಕಟೆ ಸಿನಿಮಾ ಎಂದು ಜನರನ್ನು ಸೇರಿಸಿ, ಬಾಗಿಲು ಹಾಕಿಸಿ, ಒಳಗಿದ್ದವರನ್ನು ರೈಲು ಹತ್ತಿಸಿದ ಪ್ರಸಂಗಗಳೂ ದಾಖಲಾಗಿವೆ. ಹೀಗೆ ಸಿನಿಮಾ ನೋಡಲು ಹೋಗಿ ಸಾವಿನ ರೈಲುಮಾರ್ಗ ಸೇರಿದ ಜನರಿಗೆ ಆ ಮಾರ್ಗದ ಅತಿ ಪ್ರಸಿದ್ಧ ಸಿನಿಮಾದಲ್ಲಿ ಒಂದು ದೃಶ್ಯವೂ ಇಲ್ಲ.

ಲೆಕ್ಕ ಇಡುವವರಿಲ್ಲದೆ

ಕೂಲಿಗಳಲ್ಲಿ ಇಷ್ಟು ಹೆಚ್ಚು ಸಾವು ಸಂಭವಿಸಲು ಕಾರಣವೇನು? ಕೈದಿಗಳದು ಸೋತ ಸೇನೆಯಾದರೂ ಸೇನೆಯೇ. ಅವರಲ್ಲಿ ಅಧಿಕಾರಿಗಳಿದ್ದರು, ಸೇನಾ ವೈದ್ಯರಿದ್ದರು, ನೀರು ಕುದಿಸಿ ಕುಡಿಯುವ, ಶೌಚದ ಗುಂಡಿ ತೋಡುವ ಶಿಸ್ತಿತ್ತು. ಕೂಲಿಗಳು ಭಾಷೆ ಬೇರೆ, ಊರು ಬೇರೆಯಾದ ಚದುರಿದ ಜನ. ಅವರ ಪರವಾಗಿ ಜಪಾನಿಗಳೆದುರು ನಿಂತು ಮಾತಾಡುವವರು ಇರಲಿಲ್ಲ. ತೋರಿಸಲು ಜಿನೀವಾ ಒಪ್ಪಂದದ ಪುಸ್ತಕವೂ ಇರಲಿಲ್ಲ, ಏಕೆಂದರೆ ಅವರು ಯುದ್ಧಕೈದಿಗಳೇ ಅಲ್ಲ. 1943ರ ಮಳೆಗಾಲದಲ್ಲಿ ಕಾಲರಾ ಹಬ್ಬಿದಾಗ ಕೂಲಿ ಶಿಬಿರಗಳು ಖಾಲಿಯಾದವು. ತಡವಾಗಿ ಕೆಲವು ಕೈದಿ ವೈದ್ಯರ ತಂಡಗಳನ್ನು ಅಲ್ಲಿಗೆ ಕಳುಹಿಸಲಾಯಿತಾದರೂ ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು.

ಯುದ್ಧ ಮುಗಿದ ಮೇಲೂ ಈ ವ್ಯತ್ಯಾಸ ಮುಂದುವರಿಯಿತು. ಕೈದಿಗಳು ಕದ್ದುಮುಚ್ಚಿ ಇಟ್ಟಿದ್ದ ಪಟ್ಟಿಗಳ ನೆರವಿನಿಂದ ಕಾಡಿನ ಸಮಾಧಿಗಳನ್ನು ಹುಡುಕಿ, ಕಾಂಚನಬುರಿ, ಚುಂಗ್‌ಕಾಯ್, ತಾನ್‌ಬ್ಯುಜಯತ್‌ಗಳಲ್ಲಿ ಸೈನಿಕ ಸ್ಮಶಾನಗಳನ್ನು ನಿರ್ಮಿಸಲಾಯಿತು. ಕಾಂಚನಬುರಿ ಒಂದರಲ್ಲೇ ಸುಮಾರು 7,000 ಸಮಾಧಿಗಳು ಸಾಲಾಗಿವೆ. ಮರಳಿದ ಸೈನಿಕರು ದಿನಚರಿ, ಆತ್ಮಕಥೆ ಬರೆದರು. ಕೂಲಿಗಳ ಪಟ್ಟಿ ಇಟ್ಟವರಿಲ್ಲ. ಮರಳಿ ತೋಟಕ್ಕೆ ಬಂದವರಲ್ಲಿ ಓದುಬರಹ ಬಲ್ಲವರು ಕಡಿಮೆ. 1990ರಲ್ಲಿ ಕಾಂಚನಬುರಿ ಬಳಿ ಹೊಲವೊಂದರ ಮಣ್ಣಿನಡಿ ನೂರಾರು ಅಸ್ಥಿಪಂಜರಗಳು ಸಿಕ್ಕಾಗ ಆ ಒಬ್ಬೊಬ್ಬರೂ ಯಾರೆಂದು ಹೇಳುವ ದಾಖಲೆ ಇರಲಿಲ್ಲ.

ಈ ಎಲ್ಲ ಹೊಣೆಯನ್ನೂ ಒಂದು ಚಿತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ಅದು ಕಾದಂಬರಿ ಆಧರಿಸಿದ ಕಲ್ಪನೆಯೇ ಹೊರತು ಸಾಕ್ಷ್ಯಚಿತ್ರವಲ್ಲ. ಆದರೂ ಮಲಯದ ರಬ್ಬರ್ ತೋಟದಲ್ಲಿ ದುಡಿದಿದ್ದ ಕಾದಂಬರಿಕಾರನ ಕಥೆಯಿಂದ ಅಂಥ ತೋಟಗಳ ಕೂಲಿಗಳೇ ಜಾರಿಹೋದದ್ದು ಯೋಚಿಸಬೇಕಾದ ಸಂಗತಿ. ಚಿತ್ರೀಕರಣ ನಡೆದದ್ದು ಸಿಲೋನಿನ ಕಿತುಲ್‌ಗಲದ ಬಳಿ, ಕೆಲನಿ ನದಿಯ ಮೇಲೆ. ಆ ಸಿನಿಮಾ ಸೇತುವೆಯನ್ನೂ ಆನೆಗಳ ಸಹಾಯದಿಂದ ಕಟ್ಟಿದವರಲ್ಲಿ ಸ್ಥಳೀಯ ಕೂಲಿಗಳಿದ್ದರು. ಪರದೆಯ ಮೇಲೆ ಮಾತ್ರ ಅದು ಬ್ರಿಟಿಷ್ ಸೈನಿಕರ ಸೇತುವೆ. ನಿಕಲ್ಸನ್ ಹೊಡೆಸಿದ ಫಲಕವನ್ನು ಚಿತ್ರ ಅವನ ಭ್ರಮೆಯ ಗುರುತಾಗಿ ತೋರಿಸುತ್ತದೆ. ಅಷ್ಟಾದರೂ ಆ ಫಲಕದ ಬರಹವನ್ನು ಜಗತ್ತು ಬಹುಮಟ್ಟಿಗೆ ನಂಬಿಬಿಟ್ಟಿತು.

ಸಿನಿಮಾದ ಪ್ರಭಾವ ಎಷ್ಟೆಂಬುದಕ್ಕೆ ನದಿಯೇ ಉದಾಹರಣೆ. ನಿಜವಾದ ಸೇತುವೆ ಇದ್ದದ್ದು ಮೇ ಕ್ಲೋಂಗ್ ನದಿಯ ಮೇಲೆ. ಬೂಲ್ ಅದನ್ನು ಕ್ವಾಯ್ ಎಂದು ತಪ್ಪಾಗಿ ಭಾವಿಸಿದ್ದರು. ಚಿತ್ರ ನೋಡಿದ ಪ್ರವಾಸಿಗರು ಬಂದು ಕ್ವಾಯ್ ಸೇತುವೆ ಎಲ್ಲಿ ಎಂದು ಕೇಳತೊಡಗಿದರು. 1960ರ ದಶಕದ ಆರಂಭದ ಹೊತ್ತಿಗೆ ನದಿಯ ಆ ಭಾಗಕ್ಕೇ ‘ಕ್ವೇ ಯಾಯ್’ ಎಂದು ಹೊಸ ಹೆಸರು ಬಿತ್ತು. ಬಾಂಬ್ ದಾಳಿಯ ನಂತರ ದುರಸ್ತಿಯಾದ ಕಬ್ಬಿಣದ ಸೇತುವೆ ಇಂದಿಗೂ ನಿಂತಿದ್ದು, ಅದರ ಮೇಲೆ ರೈಲು ಓಡಾಡುತ್ತಿದೆ.

ಕೂಲಿಗಳ ಕಥೆ ಹೊರಬರಲು ಇನ್ನೂ ಬಹುಕಾಲ ಬೇಕಾಯಿತು. ಮಲೇಷ್ಯಾದ ತಮಿಳು ಲೇಖಕ ಆರ್. ಷಣ್ಮುಗಂ ಅವರ ‘ಸಯಾಂ ಮರಣ ರಯಿಲ್’ ಕಾದಂಬರಿ 1993ರಲ್ಲಿ ಪ್ರಕಟವಾಯಿತು. ಬದುಕುಳಿದ ವೃದ್ಧರ ನೆನಪುಗಳನ್ನು ಕಲೆಹಾಕುವ ಕೆಲಸ ನಂತರದ ವರ್ಷಗಳಲ್ಲಿ ನಡೆಯಿತು. 2023ರಲ್ಲಿ ಕಾಂಚನಬುರಿಯ ಬೌದ್ಧ ವಿಹಾರವೊಂದರ ಆವರಣದಲ್ಲಿ ಮಡಿದ ತಮಿಳು ಕೂಲಿಗಳ ಹೆಸರಿನಲ್ಲಿ ‘ನಡುಕಲ್’ ನೆಡಲಾಯಿತು. ನಡುಕಲ್ ಎಂದರೆ ಕನ್ನಡ ನಾಡಿನ ಊರೂರಿನಲ್ಲಿ ಕಾಣುವ ವೀರಗಲ್ಲಿನ ಕುಲಕ್ಕೆ ಸೇರಿದ್ದು. ಊರಿಗಾಗಿ, ದನಕರುಗಳಿಗಾಗಿ ಕಾದಿ ಸತ್ತವರಿಗೆ ಕಲ್ಲು ನಿಲ್ಲಿಸುವ ಹಳೆಯ ಪದ್ಧತಿ ಹಾರೆ, ಬುಟ್ಟಿ ಹಿಡಿದು ಸತ್ತವರಿಗೂ ಸಂದಿತು. ಆ ಮಾರ್ಗ ಮುಗಿದು ಆಗಲೇ 80 ವರ್ಷಗಳಾಗಿದ್ದವು.